ಹೊರನಾಡಿನ ಗೋಧಿ, ಹೊರನಾಡಿನ ಕಲ್ಲು: ಸಾಮ್ರಾಜ್ಯವು ರೋಮ್ ನಗರವನ್ನು ರೂಪಿಸಿದ ಬಗೆ

1932ರಲ್ಲಿ ಮುಸೊಲಿನಿಯ ಸರ್ಕಾರ ರೋಮ್ ನಗರದ ನಟ್ಟನಡುವೆ, ಕೊಲೊಸಿಯಂನಿಂದ ವೆನೆಜಿಯಾ ಚೌಕದವರೆಗೆ, ಸೇನೆಯ ಪಥಸಂಚಲನಕ್ಕೆ ಒಪ್ಪುವಂಥ ಅಗಲವಾದ ನೇರ ರಸ್ತೆಯೊಂದನ್ನು ತೆರೆಯಿತು. ಅದಕ್ಕಾಗಿ ಜನವಸತಿಯ ಬಡಾವಣೆಯೊಂದನ್ನು ಕೆಡವಿ, ಅಲ್ಲಿದ್ದ ಕುಟುಂಬಗಳನ್ನು ಬೇರೆಡೆಗೆ ಸಾಗಿಸಲಾಯಿತು. ಪ್ರಾಚೀನ ಚಕ್ರವರ್ತಿಗಳು ಒಂದರ ಪಕ್ಕಕ್ಕೊಂದರಂತೆ ಕಟ್ಟಿಸಿದ್ದ ಫೋರಂಗಳೆಂಬ ಭವ್ಯ ಚೌಕಗಳ ಗಣನೀಯ ಭಾಗ ಇಂದಿಗೂ ಆ ರಸ್ತೆಯ ಅಡಿಯಲ್ಲಿದೆ. ರಸ್ತೆಯನ್ನು ಹಾಗೆಯೇ ಉಳಿಸಬೇಕೆ, ವಾಹನಗಳನ್ನು ತಡೆದು ನಡಿಗೆಯ ಹಾದಿಯಾಗಿಸಬೇಕೆ, ಅಥವಾ ಅಗೆದು ಅಡಿಯ ಅವಶೇಷಗಳನ್ನು ಬಯಲಿಗೆ ತರಬೇಕೆ ಎಂಬ ವಾದ ಹಲವು ದಶಕಗಳಿಂದ ನಡೆದುಬಂದಿದೆ. ಈ ವಾದದಲ್ಲಿ ಚಕ್ರವರ್ತಿಗಳ ಹೆಸರು ಬರುತ್ತದೆ, ವಾಸ್ತುಶಿಲ್ಪದ ಮಾತು ಬರುತ್ತದೆ, ಪ್ರವಾಸೋದ್ಯಮದ ಲೆಕ್ಕವೂ ಬರುತ್ತದೆ. ಇಷ್ಟನ್ನೆಲ್ಲ ಕಟ್ಟಲು ಬೇಕಾದ ಹಣ, ಕಲ್ಲು, ದುಡಿಯುವ ಕೈಗಳು ಮತ್ತು ಆ ಕೈಗಳಿಗೆ ಬೇಕಾದ ಆಹಾರ ಎಲ್ಲಿಂದ ಬಂದವು ಎಂಬ ಪ್ರಶ್ನೆ ಮಾತ್ರ ಹಿಂದೆ ಸರಿಯುತ್ತದೆ.

ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡಿದರೆ ರೋಮ್ ಬೇರೆಯದೇ ನಗರವಾಗಿ ಕಾಣುತ್ತದೆ. ಮೊದಲ ಚಕ್ರವರ್ತಿ ಅಗಸ್ಟಸ್‌ನ ಕಾಲಕ್ಕೆ ಅಲ್ಲಿನ ಜನಸಂಖ್ಯೆ ಹತ್ತು ಲಕ್ಷದ ಆಸುಪಾಸಿನಲ್ಲಿತ್ತು ಎಂಬುದು ಬಹುತೇಕ ಇತಿಹಾಸಕಾರರು ಒಪ್ಪುವ ಅಂದಾಜು. ಪಶ್ಚಿಮ ಯುರೋಪಿನ ಮತ್ತೊಂದು ನಗರ, ಲಂಡನ್, ಆ ಗಾತ್ರವನ್ನು ಮುಟ್ಟಿದ್ದು 1800ರ ಸುಮಾರಿಗೆ. ಸುತ್ತಲಿನ ಲ್ಯಾಟಿಯಂ ಬಯಲಿನ ಬೆಳೆ ಇಷ್ಟು ಹೊಟ್ಟೆಗಳಿಗೆ ಸಾಲುವ ಮಾತೇ ಇರಲಿಲ್ಲ. ಹೊರಗೆ ಮಾರಿ ಅದರ ಹಣದಿಂದ ಧಾನ್ಯ ಕೊಳ್ಳುವಷ್ಟು ದೊಡ್ಡ ಉತ್ಪಾದನೆಯೂ ನಗರದಲ್ಲಿರಲಿಲ್ಲ. ಪ್ರಾಂತ್ಯಗಳ ಕಂದಾಯ, ಸೋತ ರಾಜ್ಯಗಳ ಕಪ್ಪ, ಯುದ್ಧದ ಕೊಳ್ಳೆ, ಸೆನೆಟ್ ಸದಸ್ಯರು ದೂರದೂರದಲ್ಲಿ ಹೊಂದಿದ್ದ ಜಮೀನುಗಳ ಗೇಣಿ, ಇವೇ ಅದರ ಆದಾಯ. ಸಾಮ್ರಾಜ್ಯವು ರೋಮ್‌ಗೆ ಮೆರುಗು ತಂದಿತು ಎಂದಷ್ಟೇ ಹೇಳಿದರೆ ಅದು ತೀರಾ ಕಡಿಮೆಯಾದೀತು. ನಗರದ ಗಾತ್ರ, ಊಟ, ಆಡಳಿತ, ರಾಜಕೀಯ, ಕೊನೆಗೆ ಅದರ ಕುಗ್ಗುವಿಕೆ, ಎಲ್ಲವೂ ಹೊರಗಿನಿಂದ ಒಳಕ್ಕೆ ಬರುತ್ತಿದ್ದ ಈ ಹರಿವಿಗೆ ತಕ್ಕಂತೆ ರೂಪುಗೊಂಡವು.

ಇದರ ಆರಂಭ ಚಕ್ರವರ್ತಿಗಳಿಗಿಂತ ಬಹಳ ಹಿಂದಿನದು. ಕ್ರಿ.ಪೂ. 272ರಲ್ಲಿ ಕೈಗೆತ್ತಿಕೊಂಡ ರೋಮ್‌ನ ಎರಡನೆಯ ನೀರ್ಗಾಲುವೆಗೆ ಹಣ ಒದಗಿದ್ದು ಎಪಿರಸ್‌ನ ದೊರೆ ಪಿರಸ್‌ನ ವಿರುದ್ಧದ ಯುದ್ಧದಲ್ಲಿ ಸಿಕ್ಕ ಕೊಳ್ಳೆಯಿಂದ. ಕ್ರಿ.ಪೂ. 146ರಲ್ಲಿ ಉತ್ತರ ಆಫ್ರಿಕಾದ ಕಾರ್ತೇಜ್ ಮತ್ತು ಗ್ರೀಸ್‌ನ ಕೊರಿಂತ್ ನಗರಗಳನ್ನು ಹಾಳುಗೆಡವಿದ ಎರಡು ವರ್ಷಕ್ಕೆ, ಸುಮಾರು 91 ಕಿಲೊಮೀಟರ್ ಉದ್ದದ ಮಾರ್ಸಿಯಾ ನೀರ್ಗಾಲುವೆಯ ಕೆಲಸ ಶುರುವಾಯಿತು. ಅದಕ್ಕೆ ತಗುಲಿದ ವೆಚ್ಚ 18 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಎಂದು ಪ್ರಾಚೀನ ದಾಖಲೆ ಹೇಳುತ್ತದೆ. ಆದರೆ ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು ಕ್ರಿ.ಪೂ. 167ರದು. ಹಿಂದಿನ ವರ್ಷ ಪಿಡ್ನಾ ಎಂಬಲ್ಲಿ ಮ್ಯಾಸಿಡೋನಿಯಾ ಸೋತು, ಅದರ ರಾಜಖಜಾನೆ ರೋಮ್ ಸೇರಿದ ಮೇಲೆ, ರೋಮನ್ ಪ್ರಜೆಗಳ ಮೇಲಿನ ನೇರ ತೆರಿಗೆಯನ್ನು ವಸೂಲು ಮಾಡುವುದೇ ನಿಂತಿತು. ಅಂದಿನಿಂದ ರೋಮ್‌ನ ಪ್ರಜೆಗೆ ರಾಜ್ಯವೆಂದರೆ ತಾನು ಕೊಡುವ ಸಂಸ್ಥೆಯಾಗಿ ಉಳಿಯದೆ ತನಗೆ ಕೊಡುವ ಸಂಸ್ಥೆಯಾಯಿತು; ಕೊಡುವುದಕ್ಕೆ ಬೇಕಾದದ್ದು ಸದಾ ಬೇರೆಯವರಿಂದ ಬರಬೇಕಾಯಿತು.

ಚಕ್ರವರ್ತಿಗಳಿಗೆ ಮುಂಚಿನ ಗಣರಾಜ್ಯದ ಕೊನೆಯ ಎರಡು ಶತಮಾನಗಳಲ್ಲಿ ಈ ಹಣ ನಗರದ ನೆಲದ ಮೇಲೆ ಇಳಿದದ್ದು ಸೇನಾನಾಯಕರ ಪೈಪೋಟಿಯ ಮೂಲಕ. ಯುದ್ಧಭೂಮಿಯಲ್ಲಿ ದೇವರಿಗೆ ಹರಕೆ ಹೊತ್ತ ನಾಯಕ ಗೆದ್ದು ಬಂದು ಕೊಳ್ಳೆಯ ಪಾಲಿನಲ್ಲಿ ದೇವಾಲಯ ಕಟ್ಟಿಸುತ್ತಿದ್ದ; ಇಂಥ ದೇವಾಲಯಗಳು ವಿಜಯೋತ್ಸವದ ಮೆರವಣಿಗೆ ಸಾಗುವ ಹಾದಿಯ ಆಸುಪಾಸಿನಲ್ಲಿ ಗುಂಪುಗೂಡಿದವು. ಕ್ರಿ.ಪೂ. 55ರಲ್ಲಿ ಪಾಂಪೆ ಎಂಬ ಸೇನಾನಾಯಕ ರೋಮ್‌ನ ಮೊದಲ ಶಾಶ್ವತ ಕಲ್ಲಿನ ರಂಗಮಂದಿರವನ್ನು ತೆರೆದ. ಗಾಲ್, ಅಂದರೆ ಇಂದಿನ ಫ್ರಾನ್ಸ್ ಸುತ್ತಲಿನ ನಾಡಿನ, ದಂಡಯಾತ್ರೆಯ ಹಣದಿಂದ ಜೂಲಿಯಸ್ ಸೀಸರ್ ತನ್ನ ಹೆಸರಿನ ಫೋರಂ ಕಟ್ಟಿಸಿದಾಗ ಜಾಗ ಕೊಳ್ಳುವುದಕ್ಕೇ ಹತ್ತು ಕೋಟಿ ಸೆಸ್ಟರ್ಸ್‌ಗಿಂತ ಹೆಚ್ಚು ಖರ್ಚಾಯಿತು ಎಂದು ಚರಿತ್ರೆಕಾರ ಸುಟೋನಿಯಸ್ ಬರೆಯುತ್ತಾನೆ. ಒಟ್ಟು ಯೋಜನೆ ಯಾರ ತಲೆಯಲ್ಲೂ ಇರಲಿಲ್ಲ. ಅಲೆಕ್ಸಾಂಡ್ರಿಯದಲ್ಲಿ ಬೀದಿಗಳು ನೇರ ಗೆರೆಗಳಲ್ಲಿ ಒಂದನ್ನೊಂದು ಕತ್ತರಿಸುತ್ತಿದ್ದರೆ, ಅದನ್ನು ಗೆದ್ದ ರೋಮ್‌ನಲ್ಲಿ ಅಮೃತಶಿಲೆಯ ಚೌಕವೊಂದರ ಹಿಂಗೋಡೆಯ ಆಚೆಗೇ ಇಕ್ಕಟ್ಟಾದ ಓಣಿಗಳು, ಬೆಂಕಿಗೆ ಸುಲಭವಾಗಿ ತುತ್ತಾಗುವ ಬಹುಮಹಡಿ ಬಾಡಿಗೆ ಕಟ್ಟಡಗಳು ಇದ್ದವು. ಆ ಕಟ್ಟಡಗಳನ್ನು ತುಂಬಿದವರಲ್ಲಿ ಬಹಳ ಮಂದಿಯನ್ನು ಅಲ್ಲಿಗೆ ತಂದದ್ದೂ ದಂಡಯಾತ್ರೆಗಳೇ: ವರ್ಷಗಟ್ಟಲೆ ಸೇನೆಯಲ್ಲಿದ್ದು ಹೊಲ ಕಳೆದುಕೊಂಡ ಇಟಲಿಯ ರೈತರು, ಸೆರೆಸಿಕ್ಕಿ ಗುಲಾಮರಾಗಿ ಮಾರಾಟವಾದವರು, ಮುಂದೆ ಬಿಡುಗಡೆ ಪಡೆದು ಅಲ್ಲೇ ನೆಲೆಸಿದವರು.

ಇಷ್ಟು ಜನರನ್ನು ಉಣಿಸುವ ಹೊಣೆ ರಾಜ್ಯದ ಹೆಗಲಿಗೆ ಬಂದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ರೋಮ್‌ನ ಮುಂದಿನ ರಾಜಕೀಯದ ಬೀಗದ ಕೈ ಅಲ್ಲಿದೆ. ಕ್ರಿ.ಪೂ. 123ರಲ್ಲಿ ಗೈಯಸ್ ಗ್ರಾಕಸ್ ತಂದ ಕಾನೂನು ಪ್ರಜೆಗಳಿಗೆ ನಿಗದಿತ ಅಗ್ಗದ ದರದಲ್ಲಿ ಧಾನ್ಯ ಮಾರುವ ವ್ಯವಸ್ಥೆ ಮಾಡಿತು. ಕ್ರಿ.ಪೂ. 58ರಲ್ಲಿ ಕ್ಲೋಡಿಯಸ್ ಅದನ್ನು ಪೂರ್ತಿ ಉಚಿತವಾಗಿಸಿದ. ಪಡಿತರದ ಪಟ್ಟಿಯಲ್ಲಿದ್ದವರ ಸಂಖ್ಯೆ 3,20,000ಕ್ಕೆ ಏರಿದಾಗ ಸೀಸರ್ ಅದನ್ನು 1,50,000ಕ್ಕೆ ಇಳಿಸಿದ; ಅಗಸ್ಟಸ್‌ನ ಕಾಲದಲ್ಲಿ ಅದು ಸುಮಾರು 2,00,000ದಲ್ಲಿ ನಿಂತಿತು. ತಲೆಗೆ ತಿಂಗಳಿಗೆ ಸಿಗುತ್ತಿದ್ದ ಗೋಧಿ ಇಂದಿನ ಲೆಕ್ಕದಲ್ಲಿ ಸುಮಾರು 33 ಕಿಲೊ. ಇದನ್ನು ಬಡವರಿಗೆ ಕೊಟ್ಟ ದಾನವೆಂದು ಬಗೆಯುವುದು ತಪ್ಪು. ಪಟ್ಟಿಯಲ್ಲಿದ್ದವರು ನಗರದಲ್ಲಿ ವಾಸವಿದ್ದ ಪುರುಷ ಪ್ರಜೆಗಳು. ಹೆಂಗಸರಿಗೂ ಗುಲಾಮರಿಗೂ ಅದರಲ್ಲಿ ಹಕ್ಕಿರಲಿಲ್ಲ, ಅವರಲ್ಲಿ ಎಷ್ಟೇ ಹಸಿದವರಿದ್ದರೂ. ಗೆದ್ದ ನಾಡುಗಳ ಫಸಲಿನಲ್ಲಿ ಗೆದ್ದವರ ನಗರಕ್ಕೆ ಸಲ್ಲುವ ಪಾಲು ಎಂಬ ಭಾವನೆ ಈ ಪಡಿತರದ ಬೆನ್ನಿಗಿತ್ತು.

ಒಬ್ಬರಿಗೆ ವರ್ಷಕ್ಕೆ 200 ಕಿಲೊ ಎಂದು ಹಿಡಿದರೂ ಹತ್ತು ಲಕ್ಷ ಜನರ ನಗರಕ್ಕೆ ಎರಡು ಲಕ್ಷ ಟನ್ ಧಾನ್ಯ ಬೇಕು. ಮೊದಲು ಸಿಸಿಲಿ ಮತ್ತು ಸಾರ್ಡಿನಿಯಾ, ಆಮೇಲೆ ಇಂದಿನ ಟುನೀಶಿಯದ ಸುತ್ತಲಿನ ಆಫ್ರಿಕಾ ಪ್ರಾಂತ್ಯ, ಕ್ರಿ.ಪೂ. 30ರಲ್ಲಿ ಕ್ಲಿಯೋಪಾತ್ರ ಸತ್ತ ಮೇಲೆ ಈಜಿಪ್ಟ್, ಹೀಗೆ ಮೂಲಗಳು ದೂರ ದೂರಕ್ಕೆ ಚಾಚಿದವು. ರೋಮನ್ನು ವರ್ಷದಲ್ಲಿ ಎಂಟು ತಿಂಗಳು ಆಫ್ರಿಕಾವೂ ನಾಲ್ಕು ತಿಂಗಳು ಈಜಿಪ್ಟೂ ಸಾಕುತ್ತವೆ ಎಂದು ಒಂದನೆಯ ಶತಮಾನದ ಇತಿಹಾಸಕಾರ ಜೋಸೆಫಸ್ ಲೆಕ್ಕ ಕೊಡುತ್ತಾನೆ. ಚಳಿಗಾಲದಲ್ಲಿ ಸಮುದ್ರಯಾನ ಬಹುಮಟ್ಟಿಗೆ ನಿಂತೇಹೋಗುತ್ತಿತ್ತು. ಅಲೆಕ್ಸಾಂಡ್ರಿಯದಿಂದ ಹೊರಟ ಹಡಗು ಎದುರುಗಾಳಿಯನ್ನು ತಪ್ಪಿಸಿಕೊಂಡು ಸುತ್ತುದಾರಿಯಲ್ಲಿ ಬರಬೇಕಿದ್ದುದರಿಂದ ತಿಂಗಳಿಗೂ ಹೆಚ್ಚು ಹಿಡಿಯುತ್ತಿತ್ತು. ನೇಪಲ್ಸ್ ಬಳಿಯ ಪುಟಿಯೋಲಿ ಬಂದರಿನಲ್ಲಿ ಈ ಹಡಗುಗಳ ಆಗಮನವನ್ನು ತತ್ವಜ್ಞಾನಿ ಸೆನೆಕಾ ವರ್ಣಿಸಿದ್ದಾನೆ: ಧಾನ್ಯದ ಹಡಗುಗಳು ಬರುತ್ತಿವೆ ಎಂಬ ಸುದ್ದಿ ಹೊತ್ತ ಹಗುರ ದೋಣಿಗಳು ಮುಂಚಿತವಾಗಿ ಬಂದಾಗ ಊರಿನ ಜನವೆಲ್ಲ ಕಟ್ಟೆಯ ಮೇಲೆ ನೆರೆಯುತ್ತದೆ, ದಡ ಸಮೀಪಿಸಿದಾಗಲೂ ಮೇಲಿನ ಹಾಯಿಯನ್ನು ಬಿಚ್ಚಿಕೊಂಡೇ ಬರುವ ಅನುಮತಿ ಅಲೆಕ್ಸಾಂಡ್ರಿಯದ ಹಡಗುಗಳಿಗೆ ಮಾತ್ರ ಇದ್ದುದರಿಂದ, ಎಷ್ಟೇ ಹಡಗುಗಳ ನಡುವೆಯೂ ಅವು ದೂರದಿಂದಲೇ ಗುರುತು ಸಿಗುತ್ತಿದ್ದವು.

ಈ ಕಾಯುವಿಕೆಯಲ್ಲಿದ್ದ ಆತಂಕ ಚಕ್ರವರ್ತಿಯನ್ನೂ ಬಿಡಲಿಲ್ಲ. ಕ್ರಿ.ಶ. 51ರ ಸುಮಾರಿನ ಧಾನ್ಯಕೊರತೆಯಲ್ಲಿ ಜನಜಂಗುಳಿ ಕ್ಲಾಡಿಯಸ್‌ನನ್ನು ಫೋರಂನಲ್ಲೇ ಮುತ್ತಿಕೊಂಡು, ಬೈದು, ರೊಟ್ಟಿಯ ಚೂರುಗಳನ್ನು ಅವನ ಮೇಲೆ ಎಸೆಯಿತು. ಅವನು ಹಿಂಬಾಗಿಲಿನಿಂದ ಅರಮನೆ ಸೇರಿ ಬಚಾವಾದ. ಆಗ ನಗರದಲ್ಲಿ ಉಳಿದಿದ್ದದ್ದು ಹದಿನೈದು ದಿನದ ದಾಸ್ತಾನು ಎಂದು ಇತಿಹಾಸಕಾರ ಟ್ಯಾಸಿಟಸ್ ಹೇಳುತ್ತಾನೆ. ಬಿರುಗಾಳಿಯಲ್ಲಿ ಆಗುವ ನಷ್ಟವನ್ನು ತಾನೇ ತುಂಬಿಕೊಡುವುದಾಗಿ ಕ್ಲಾಡಿಯಸ್ ವರ್ತಕರಿಗೆ ಭರವಸೆ ಕೊಟ್ಟ. ಧಾನ್ಯ ಸಾಗಿಸಲು ದೊಡ್ಡ ಹಡಗು ಕಟ್ಟಿಸಿದವರಿಗೆ ಕಾನೂನಿನ ವಿನಾಯಿತಿಗಳನ್ನೂ ಕೆಲವರಿಗೆ ಪೌರತ್ವವನ್ನೂ ಕೊಟ್ಟ. ರೋಮ್‌ನ ನದಿ ಟೈಬರ್‌ನ ಅಳಿವೆಯ ಬಳಿ ಅವನು ಕ್ರಿ.ಶ. 42ರಲ್ಲೇ ಆರಂಭಿಸಿದ್ದ ಹೊಸ ಬಂದರು ಈ ಚಿಂತೆಯ ಫಲವೇ. ಅದೂ ಸಾಲಲಿಲ್ಲ: ಕ್ರಿ.ಶ. 62ರಲ್ಲಿ ಬಂದರಿನ ಒಳಗಿದ್ದ ಸುಮಾರು 200 ಹಡಗುಗಳು ಬಿರುಗಾಳಿಗೆ ನಾಶವಾದವು. ಅದೇ ಸಂದರ್ಭದಲ್ಲಿ ನೀರೊ ಕೆಟ್ಟುಹೋದ ಸರ್ಕಾರಿ ಗೋಧಿಯನ್ನು ಎಲ್ಲರೂ ಕಾಣುವಂತೆ ಟೈಬರ್‌ಗೆ ಸುರಿಸಿದ, ದಾಸ್ತಾನು ಬೇಕಾದಷ್ಟಿದೆ ಎಂದು ಜನ ನಂಬಲಿ ಎಂಬ ಉಪಾಯದಿಂದ. ಆಮೇಲೆ ಟ್ರಾಜನ್ ಒಳಭಾಗದಲ್ಲಿ ಆರು ಮೂಲೆಯ ಇನ್ನೊಂದು ಕೊಳವನ್ನು ತೋಡಿಸಿದ. ಒಂದೊಂದು ಬದಿಯೂ ಸುಮಾರು 358 ಮೀಟರ್ ಉದ್ದದ ಆ ಕೊಳ ಇಂದಿಗೂ ನೀರು ತುಂಬಿಕೊಂಡಿದ್ದು, ಫ್ಯುಮಿಚಿನೊ ವಿಮಾನನಿಲ್ದಾಣದಿಂದ ಹಾರುವವರಿಗೆ ಮೇಲಿನಿಂದ ಕಾಣಸಿಗುತ್ತದೆ.

ನಗರದ ಹೊಟ್ಟೆ ಯಾರ ಕೈಯಲ್ಲಿದೆಯೋ ಅಧಿಕಾರವೂ ಅವರದೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದಕ್ಕಾಗಿಯೇ ಅಗಸ್ಟಸ್ ತನ್ನ ಅಪ್ಪಣೆಯಿಲ್ಲದೆ ಸೆನೆಟ್ ಸದಸ್ಯರು ಈಜಿಪ್ಟಿಗೆ ಕಾಲಿಡಬಾರದೆಂದು ನಿಷೇಧಿಸಿದ್ದ. ಕ್ರಿ.ಶ. 69ರ ಅಂತರ್ಯುದ್ಧದಲ್ಲಿ ವೆಸ್ಪೇಸಿಯನ್ ಇಟಲಿಗೆ ಧಾವಿಸುವ ಬದಲು ಮೊದಲು ಅಲೆಕ್ಸಾಂಡ್ರಿಯಕ್ಕೆ ಹೋಗಿ ಕುಳಿತ. ರಾಜಧಾನಿಯ ಕೀಲಿ ರಾಜಧಾನಿಯ ಹೊರಗಿತ್ತು.

ಧಾನ್ಯ ತಿಂದು ಮುಗಿಯುತ್ತದೆ, ಕುರುಹು ಬಿಡುವುದು ಕಡಿಮೆ. ಎಣ್ಣೆ ಹಾಗಲ್ಲ. ನಗರದ ದಕ್ಷಿಣ ಭಾಗದಲ್ಲಿ, ಹಳೆಯ ನದಿಬಂದರು ಮತ್ತು ಉಗ್ರಾಣಗಳ ಬೆನ್ನಿಗೆ, ಮೊಂಟೆ ಟೆಸ್ಟಾಚೊ ಎಂಬ ಸುಮಾರು 35 ಮೀಟರ್ ಎತ್ತರದ ಗುಡ್ಡವಿದೆ. ಅದು ಪೂರ್ತಿ ಒಡೆದ ಮಣ್ಣಿನ ಜಾಡಿಗಳ ರಾಶಿ. ಬಹುಪಾಲು ಜಾಡಿಗಳು ಇಂದಿನ ದಕ್ಷಿಣ ಸ್ಪೇನ್‌ನ ಬೇಟಿಕಾ ಪ್ರಾಂತ್ಯದಿಂದ ಆಲಿವ್ ಎಣ್ಣೆ ತುಂಬಿಕೊಂಡು ಬಂದವು. ಎಣ್ಣೆ ಹೀರಿದ ಜಾಡಿ ಮರುಬಳಕೆಗೆ ಬಾರದ್ದರಿಂದ ಅವುಗಳನ್ನು ಒಡೆದು, ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ, ವಾಸನೆ ತಡೆಯಲು ಸುಣ್ಣ ಉದುರಿಸಲಾಗಿದೆ. ಇಲ್ಲಿರುವುದು ಐದು ಕೋಟಿಗೂ ಹೆಚ್ಚು ಜಾಡಿಗಳ ಅವಶೇಷ ಎಂಬ ಅಂದಾಜಿದೆ. ಚೂರುಗಳ ಮೇಲೆ ಕಪ್ಪು ಮಸಿಯ ಬರಹ ಉಳಿದುಕೊಂಡಿದೆ: ಖಾಲಿ ಜಾಡಿಯ ತೂಕ, ಎಣ್ಣೆಯ ತೂಕ, ಸಾಗಿಸಿದ ವರ್ತಕನ ಹೆಸರು, ತಪಾಸಣೆಯಾದ ಸ್ಥಳ, ಕೆಲವೊಮ್ಮೆ ವರ್ಷವನ್ನು ಸೂಚಿಸುವ ಕಾನ್ಸಲ್‌ಗಳ, ಅಂದರೆ ಆ ಸಾಲಿನ ಉನ್ನತಾಧಿಕಾರಿಗಳ, ಹೆಸರು. ಸಾಮ್ರಾಜ್ಯದ ಆಡಳಿತ ಹೇಗೆ ನಡೆಯುತ್ತಿತ್ತು ಎಂದು ತಿಳಿಯಲು ವಿಜಯಕಮಾನುಗಳಿಗಿಂತ ಈ ತಿಪ್ಪೆಯೇ ಹೆಚ್ಚು ನಂಬಿಕಸ್ಥ ಸಾಕ್ಷಿ ಎಂದು ನನಗನಿಸುತ್ತದೆ. ಕಮಾನಿನ ಶಿಲ್ಪ ನೋಡುವವರನ್ನು ಮೆಚ್ಚಿಸಲು ಕೆತ್ತಿದ್ದು. ಜಾಡಿಯ ಮೇಲಿನ ಲೆಕ್ಕ ಯಾರನ್ನೂ ಮೆಚ್ಚಿಸಲು ಬರೆದದ್ದಲ್ಲ.

ಕಲ್ಲಿನ ಕಥೆಯಲ್ಲಿ ತರ್ಕವೇ ಬೇರೆ. ಗೋಧಿ, ಎಣ್ಣೆಗಳು ಅಗತ್ಯಕ್ಕೆ ಬಂದವು. ಕಲ್ಲು ಅಗತ್ಯವಿಲ್ಲದೆಯೇ ದೂರದಿಂದ ಬಂತು. ಇಟಲಿಯಲ್ಲೇ, ಇಂದಿನ ಕರಾರಾ ಬಳಿ, ಒಳ್ಳೆಯ ಬಿಳಿ ಅಮೃತಶಿಲೆ ಬೇಕಾದಷ್ಟು ಸಿಗುತ್ತಿದ್ದಾಗಲೂ ಟುನೀಶಿಯದ ಹಳದಿ ಕಲ್ಲು, ಇಂದಿನ ಟರ್ಕಿಯ ಒಳನಾಡಿನಿಂದ ನೇರಳೆ ಗೆರೆಗಳ ಕಲ್ಲು, ಈಜಿಪ್ಟಿನ ಪೂರ್ವ ಮರುಭೂಮಿಯಿಂದ ಪೊರ್ಫಿರಿ ಎಂಬ ಗಡುಸಾದ ಕೆಂಪು ಕಲ್ಲು ಹಡಗೇರಿದವು. ಪ್ಯಾಂಥಿಯಾನ್ ಎಂಬ ದೇವಾಲಯದ ಮುಂಭಾಗದ ಬೂದುಬಣ್ಣದ ಕಂಬಗಳನ್ನು ಕಡಿದದ್ದು ಅದೇ ಮರುಭೂಮಿಯ ಮಾನ್ಸ್ ಕ್ಲಾಡಿಯಾನಸ್ ಗಣಿಯಲ್ಲಿ. ಸುಮಾರು 12 ಮೀಟರ್ ಎತ್ತರದ ಏಕಶಿಲೆಯ ಆ ಕಂಬಗಳನ್ನು ನೂರಕ್ಕೂ ಹೆಚ್ಚು ಕಿಲೊಮೀಟರ್ ಮರಳುಗಾಡಿನಲ್ಲಿ ಎಳೆದು ನೈಲ್ ನದಿಗೆ ತಂದು, ಅಲ್ಲಿಂದ ಸಮುದ್ರಕ್ಕೆ, ಸಮುದ್ರದಿಂದ ಟೈಬರ್‌ಗೆ ಸಾಗಿಸಿದರು. ಗಣಿಯಲ್ಲಿ ಸಿಕ್ಕ ಸಾವಿರಾರು ಮಡಕೆಚೂರುಗಳ ಮೇಲಿನ ಬರಹಗಳಿಂದ ಅಲ್ಲಿ ದುಡಿದವರಲ್ಲಿ ಕೂಲಿ ಪಡೆಯುತ್ತಿದ್ದ ಕುಶಲಕರ್ಮಿಗಳಿದ್ದರು ಎಂದು ತಿಳಿಯುತ್ತದೆ. ಎಲ್ಲವನ್ನೂ ಸರಪಳಿಯಲ್ಲಿದ್ದ ಗುಲಾಮರೇ ಮಾಡಿದರು ಎಂಬ ರೂಢಿಯ ಚಿತ್ರ ಇಲ್ಲಿ ನಿಲ್ಲುವುದಿಲ್ಲ. ಪ್ಯಾಂಥಿಯಾನ್‌ನ ಮುಂದೆ ನಿಂತು ತುಸು ಮೇಲೆ ನೋಡಿದರೆ, ಮುಖಮಂಟಪದ ತ್ರಿಕೋನದ ಹಿಂದೆ, ಇನ್ನೂ ಎತ್ತರದಲ್ಲಿ, ಗೋಡೆಯ ಮೇಲೆ ಎರಡನೆಯ ತ್ರಿಕೋನದ ಅಂಚು ಕಾಣುತ್ತದೆ. ಮೊದಲು ಇನ್ನೂ ಎತ್ತರದ ಕಂಬಗಳನ್ನು ಯೋಜಿಸಿ, ಅವು ಒದಗದೆ ಗಿಡ್ಡ ಕಂಬಗಳಿಗೆ ಒಪ್ಪಿಕೊಂಡಿರಬೇಕು ಎಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಊಹೆ ನಿಜವಾದರೆ, ಚಕ್ರವರ್ತಿಯ ಅಪ್ಪಣೆಗೂ ಸರಬರಾಜಿನ ಮಿತಿಯಿತ್ತು ಎನ್ನುವುದಕ್ಕೆ ಅದು ಅಪರೂಪದ ಪುರಾವೆ.

ಅಗಸ್ಟಸ್ ಕ್ರಿ.ಪೂ. 10ರಲ್ಲಿ ಹೀಲಿಯೊಪೊಲಿಸ್‌ನಿಂದ ತಂದು ನಿಲ್ಲಿಸಿದ ಎರಡು ಏಕಶಿಲಾ ಸ್ತಂಭಗಳ ಪೀಠದ ಮೇಲೆ, ಈಜಿಪ್ಟನ್ನು ರೋಮನ್ ಜನರ ಅಧೀನಕ್ಕೆ ತಂದ ಮೇಲೆ ಸೂರ್ಯನಿಗೆ ಅರ್ಪಿಸಿದ ಕಾಣಿಕೆ ಇದೆಂದು ಕೊರೆಯಲಾಗಿದೆ. ಈಜಿಪ್ಟಿನಲ್ಲಿ ಇಂದು ನಿಂತಿರುವುದಕ್ಕಿಂತ ಹೆಚ್ಚು ಪ್ರಾಚೀನ ಸ್ತಂಭಗಳು ರೋಮ್‌ನ ಚೌಕಗಳಲ್ಲಿವೆ. ಈ ಚಾಳಿಯನ್ನು ಮುಸೊಲಿನಿಯೂ ಮುಂದುವರಿಸಿದ: 1937ರಲ್ಲಿ ಇಥಿಯೋಪಿಯದ ಅಕ್ಸುಮ್‌ನಿಂದ ಹೊತ್ತು ತಂದ ಸ್ತಂಭ ಮರಳಿ ಊರು ಸೇರಿದ್ದು 2005ರಲ್ಲಿ. ಅಗಸ್ಟಸ್‌ನ ಸ್ತಂಭಗಳ ಬಗ್ಗೆ ಅಂಥ ಬೇಡಿಕೆಯ ಸದ್ದು ಹೆಚ್ಚಾಗಿ ಕೇಳಿಬರುವುದಿಲ್ಲ. ಎರಡು ಸಾವಿರ ವರ್ಷ ಕಳೆದರೆ ಕೊಳ್ಳೆಯೂ ಪರಂಪರೆಯಾಗುತ್ತದೆ.

ಕೊಲೊಸಿಯಂನ ವಿಚಾರದಲ್ಲಿ ಪುರಾವೆ ಅಕ್ಷರಗಳಲ್ಲೂ ಅಲ್ಲ, ಅಕ್ಷರಗಳನ್ನು ಕೂರಿಸಿದ್ದ ರಂಧ್ರಗಳಲ್ಲಿದೆ. ಐದನೆಯ ಶತಮಾನದ ದುರಸ್ತಿಯ ಶಾಸನವಿರುವ ಅಮೃತಶಿಲೆಯ ತೊಲೆಯೊಂದರಲ್ಲಿ, ಅದಕ್ಕೂ ಹಿಂದಿನ ಕಂಚಿನ ಅಕ್ಷರಗಳನ್ನು ನಾಟಿದ್ದ ತೂತುಗಳು ಉಳಿದಿವೆ. ಅವುಗಳ ಸ್ಥಾನವನ್ನು ಅಳೆದು, ಈ ರಂಗಸ್ಥಳವನ್ನು ವೆಸ್ಪೇಸಿಯನ್ ಯುದ್ಧದ ಕೊಳ್ಳೆಯಿಂದ ಕಟ್ಟಿಸಿದ ಎಂಬ ಅರ್ಥದ ಸಾಲನ್ನು ಶಾಸನತಜ್ಞರು ಪುನಾರಚಿಸಿದ್ದಾರೆ. ಆ ಯುದ್ಧವೆಂದರೆ ಕ್ರಿ.ಶ. 70ರಲ್ಲಿ ಜೆರುಸಲೇಂನ ದೇವಾಲಯ ನಾಶವಾದ ಯೆಹೂದಿ ಯುದ್ಧ. ಹತ್ತಿರದಲ್ಲೇ ವೆಸ್ಪೇಸಿಯನ್ ಶಾಂತಿ ದೇವಾಲಯವನ್ನೂ ಕಟ್ಟಿಸಿ, ಜೆರುಸಲೇಂನಿಂದ ತಂದ ಚಿನ್ನದ ಪಾತ್ರೆಗಳನ್ನು ಅಲ್ಲಿ ಇರಿಸಿದ. ಇದರಲ್ಲಿ ನಮಗೆ ವ್ಯಂಗ್ಯ ಕಾಣುತ್ತದೆ. ರೋಮನ್ನರಿಗೆ ಶಾಂತಿಯೆಂದರೆ ಎದುರಾಳಿ ಮಣಿದ ಸ್ಥಿತಿಯಾಗಿದ್ದುದರಿಂದ ಅವರಿಗೆ ಕಾಣುತ್ತಿರಲಿಲ್ಲ. ಮೂರನೆಯ ಶತಮಾನದ ಆರಂಭದಲ್ಲಿ ಇದೇ ಸಂಕೀರ್ಣದ ಗೋಡೆಯೊಂದರ ಮೇಲೆ ಇಡೀ ನಗರದ ನಕ್ಷೆಯನ್ನು, ಅಂಗಡಿ, ಮೆಟ್ಟಿಲು, ಕಂಬಗಳ ಸಮೇತ, ಸುಮಾರು 18 ಮೀಟರ್ ಅಗಲ, 13 ಮೀಟರ್ ಎತ್ತರದ ಅಮೃತಶಿಲೆಯ ಹಾಸಿನಲ್ಲಿ ಕೊರೆದು ನಿಲ್ಲಿಸಿದರು. ಉಳಿದಿರುವ ಅದರ ಹತ್ತನೇ ಒಂದು ಪಾಲಿನಷ್ಟು ತುಣುಕುಗಳಿಗಾಗಿ 2024ರ ಜನವರಿಯಲ್ಲಿ ಪ್ರತ್ಯೇಕ ವಸ್ತುಸಂಗ್ರಹಾಲಯ ತೆರೆಯಿತು. ಅಲ್ಲಿ ಅವುಗಳನ್ನು ಗಾಜಿನ ನೆಲದ ಕೆಳಗೆ ಇರಿಸಲಾಗಿದೆ.

ಸಾಮ್ರಾಜ್ಯ ನಗರಕ್ಕೆ ಕೊಟ್ಟದ್ದರ ಜೊತೆಗೆ ಅದರಿಂದ ಕಿತ್ತುಕೊಂಡದ್ದೂ ಇದೆ. ಇದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಗಣರಾಜ್ಯದ ಕಾಲದಲ್ಲಿ ಊರಿನ ಆಡಳಿತ ಮತ್ತು ಸಾಮ್ರಾಜ್ಯದ ಆಡಳಿತ ಎಂಬ ಎರಡು ವ್ಯವಸ್ಥೆಗಳಿರಲಿಲ್ಲ. ಚುನಾಯಿತ ಅಧಿಕಾರಿಗಳೇ ಎರಡನ್ನೂ ನೋಡಿಕೊಳ್ಳುತ್ತಿದ್ದರು. ಅಗಸ್ಟಸ್ ನಗರವನ್ನು 14 ವಿಭಾಗಗಳಾಗಿ ಒಡೆದ. ಕ್ರಿ.ಶ. 6ರಲ್ಲಿ ಬೆಂಕಿ ನಂದಿಸಲು ಮತ್ತು ರಾತ್ರಿ ಕಾವಲಿಗೆ ಏಳು ತುಕಡಿಗಳನ್ನು ನೇಮಿಸಿದ. ಧಾನ್ಯಕ್ಕೆ ಒಬ್ಬ, ನೀರಿಗೆ ಒಬ್ಬ, ನಗರದ ಶಿಸ್ತಿಗೆ ಒಬ್ಬ, ಹೀಗೆ ಚಕ್ರವರ್ತಿಗೆ ಉತ್ತರ ಹೇಳಬೇಕಾದ ಅಧಿಕಾರಿಗಳು ಬಂದರು. ಕೆಲಸ ಹಿಂದಿಗಿಂತ ಚೆನ್ನಾಗಿ ನಡೆಯಿತು ಎಂಬುದನ್ನು ಅಲ್ಲಗಳೆಯಲಾಗದು. ಕ್ರಿ.ಶ. 97ರಲ್ಲಿ ನೀರಿನ ಮುಖ್ಯಾಧಿಕಾರಿಯಾದ ಫ್ರಾಂಟಿನಸ್ ಬರೆದಿಟ್ಟ ವಿವರದಲ್ಲಿ ಕಾಲುವೆಗಳ ನಿರ್ವಹಣೆಗೆ 700 ಮಂದಿಯ ಗುಲಾಮರ ಪಡೆಯಿತ್ತು ಎಂದಿದೆ, ಅದರಲ್ಲಿ 460 ಮಂದಿ ಚಕ್ರವರ್ತಿಯವರು. ಈಜಿಪ್ಟಿನ ಪಿರಮಿಡ್‌ಗಳು ವ್ಯರ್ಥ ಕಟ್ಟಡಗಳು, ತನ್ನ ಕಾಲುವೆಗಳು ಉಪಯುಕ್ತ ಎಂದು ಬೀಗಿದ ಅದೇ ಅಧಿಕಾರಿ, ತನ್ನ ಕೈಕೆಳಗಿನ ನೀರಿನವರು ಬೀದಿಯ ಅಡಿಯ ಕೊಳವೆಗಳಿಗೆ ಗುಟ್ಟಾಗಿ ತೂತು ಕೊರೆದು ನೀರು ಮಾರಿಕೊಳ್ಳುತ್ತಿದ್ದುದನ್ನೂ, ಅಳತೆಯ ನಳಿಕೆಗಳ ಗಾತ್ರವನ್ನು ತಿದ್ದುತ್ತಿದ್ದುದನ್ನೂ ಸಿಟ್ಟಿನಿಂದ ದಾಖಲಿಸಿದ್ದಾನೆ.

ಆದರೆ ಇಷ್ಟೆಲ್ಲ ಸೌಕರ್ಯ ಪಡೆದ ಜನರಿಗೆ ತಮ್ಮ ಊರಿನ ಬಗ್ಗೆ ತೀರ್ಮಾನಿಸುವ ಹಕ್ಕು ಉಳಿಯಲಿಲ್ಲ. ಕ್ರಿ.ಶ. 14ರಲ್ಲಿ, ಟೈಬೀರಿಯಸ್ ಪಟ್ಟಕ್ಕೆ ಬಂದೊಡನೆ, ಉನ್ನತಾಧಿಕಾರಿಗಳ ಚುನಾವಣೆ ಜನಸಭೆಯಿಂದ ಸೆನೆಟ್‌ಗೆ ಹೋಯಿತು. ಕ್ರಿ.ಶ. 23ರ ಹೊತ್ತಿಗೆ ಚಕ್ರವರ್ತಿಯ ಅಂಗರಕ್ಷಕ ಪಡೆಗೆ ನಗರದ ಅಂಚಿನಲ್ಲೇ ಕೋಟೆಯಂಥ ಶಿಬಿರ ಎದ್ದಿತು. ಗಾಲ್‌ನ, ಆಫ್ರಿಕಾದ, ಏಷ್ಯಾ ಪ್ರಾಂತ್ಯದ ನಗರಗಳಿಗೆ ತಮ್ಮದೇ ಸಭೆ, ತಮ್ಮದೇ ಅಧಿಕಾರಿಗಳಿದ್ದರು. ಪೊಂಪೆಯಿಯಂಥ ಸಣ್ಣ ಊರಿನ ಗೋಡೆಗಳ ಮೇಲೂ ಚುನಾವಣೆಯ ಪ್ರಚಾರಬರಹಗಳು ಉಳಿದಿವೆ. ಅವರೆಲ್ಲರನ್ನೂ ಆಳುತ್ತಿದ್ದ ರೋಮ್ ಮಾತ್ರ ತನ್ನನ್ನು ತಾನು ಆಳಿಕೊಳ್ಳದ ನಗರವಾಯಿತು. ಜನಾಭಿಪ್ರಾಯಕ್ಕೆ ಉಳಿದ ವೇದಿಕೆಯೆಂದರೆ ರಥದ ಓಟದ ಮೈದಾನ, ರಂಗಮಂದಿರಗಳು. ಚಕ್ರವರ್ತಿ ಅಲ್ಲಿಗೆ ಬಂದು ಕೂರಬೇಕಿತ್ತು, ಜನ ಕೂಗಿ ಬೇಡಿಕೆಯಿಡುತ್ತಿದ್ದರು, ಕೆಲವೊಮ್ಮೆ ಅವನು ಮಣಿಯುತ್ತಲೂ ಇದ್ದ. ರೊಟ್ಟಿಗೂ ಆಟಕ್ಕೂ ಸ್ವಾತಂತ್ರ್ಯ ಮಾರಿಕೊಂಡ ಸೋಮಾರಿ ಜನ ಎಂದು ರೋಮ್‌ನ ಮೇಲ್ವರ್ಗದ ಬರಹಗಾರರು ಹೀಗಳೆದದ್ದನ್ನೇ ಇಂದಿಗೂ ಹಲವರು ಒಪ್ಪಿಸುತ್ತಾರೆ. ಪಡಿತರದ ಗೋಧಿಯೊಂದರಿಂದ ಕುಟುಂಬ ಸಾಗುತ್ತಿರಲಿಲ್ಲ. ಹಮಾಲಿ, ಗಾರೆಕೆಲಸ, ಅಂಗಡಿ ಇಲ್ಲದೆ ಬಾಡಿಗೆ ಹುಟ್ಟುತ್ತಿರಲಿಲ್ಲ. ಮತದ ಹಕ್ಕನ್ನು ಜನ ಮಾರಿದ್ದಕ್ಕಿಂತ ಅವರಿಂದ ಅದನ್ನು ತೆಗೆದುಕೊಂಡದ್ದೇ ಹೆಚ್ಚು.

ಹಾಗಾದರೆ ರೋಮ್ ಪ್ರಾಂತ್ಯಗಳ ರಕ್ತ ಹೀರಿದ ಪರಾವಲಂಬಿ ನಗರವೇ? ವಿದ್ವಾಂಸರ ನಡುವೆ ಈ ಜಗಳ ನೂರು ವರ್ಷದಿಂದ ಇದೆ. ಪ್ರಾಚೀನ ನಗರ ಮೂಲತಃ ಬಳಸುವ ನಗರ, ಉತ್ಪಾದಿಸುವ ನಗರವಲ್ಲ ಎಂಬ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್‌ನ ವಿವರಣೆಗೆ ರೋಮ್ ಅತಿ ದೊಡ್ಡ ಉದಾಹರಣೆ. ಇದಕ್ಕೆ ಎದುರಾಗಿ, ರೋಮ್‌ನ ಬೇಡಿಕೆಯೇ ಪ್ರಾಂತ್ಯಗಳಲ್ಲಿ ಬೆಳೆ, ಹಡಗುದ್ಯಮ, ಊರುಗಳನ್ನು ಬೆಳೆಸಿತು ಎಂದು ವಾದಿಸುವವರಿದ್ದಾರೆ. ಬೇಟಿಕಾದ ಎಣ್ಣೆಗಾಣಗಳ ಸಾಲುಗಳನ್ನೂ ಟುನೀಶಿಯದ ಎಲ್ ಜೆಮ್‌ನ ಭವ್ಯ ರಂಗಸ್ಥಳವನ್ನೂ ನೋಡಿದರೆ ಆ ವಾದವನ್ನು ತಳ್ಳಿಹಾಕಲಾಗದು. ಪ್ರಾಂತ್ಯದ ಶ್ರೀಮಂತರು ಸೆನೆಟ್‌ಗೂ ಬಂದರು, ಕ್ರಿ.ಶ. 48ರಲ್ಲಿ ಗಾಲ್‌ನ ಮುಖಂಡರ ಪರವಾಗಿ ಕ್ಲಾಡಿಯಸ್ ಮಾಡಿದ ಭಾಷಣ ಲಿಯೋನ್‌ನಲ್ಲಿ ಸಿಕ್ಕ ಕಂಚಿನ ಫಲಕದಲ್ಲಿ ಉಳಿದಿದೆ. ಐವತ್ತು ವರ್ಷದಲ್ಲಿ ಸ್ಪೇನ್‌ನ ಇಟಾಲಿಕಾ ಊರಿನ ಟ್ರಾಜನ್ ಚಕ್ರವರ್ತಿಯಾದ, ಅವನ ಫೋರಂ ಕಟ್ಟಿದ ಅಪೊಲೊಡೊರಸ್ ಡಮಾಸ್ಕಸ್‌ನವನು. ಆದರೆ ಆ ಫೋರಂಗೆ ಹಣ ಬಂದದ್ದು ಡೇಸಿಯಾ, ಅಂದರೆ ಇಂದಿನ ರೊಮೇನಿಯ, ನಾಶವಾದ ಯುದ್ಧದಿಂದ. ಅಲ್ಲಿನ ಸ್ತಂಭದ ಮೇಲೆ ಸುರುಳಿಯಾಗಿ ಏರುವ ಶಿಲ್ಪಗಳಲ್ಲಿ ಉರಿಯುವ ಹಳ್ಳಿಗಳೂ ಊರು ಬಿಟ್ಟು ಹೋಗುವ ಕುಟುಂಬಗಳೂ ಇವೆ. ವ್ಯಾಪಾರ ಬೆಳೆಯಿತು ಎಂಬುದು ನಿಜ. ಆ ವ್ಯಾಪಾರದ ಷರತ್ತುಗಳನ್ನು ಬರೆದವರು ಒಂದೇ ಕಡೆಯವರು ಎಂಬುದೂ ಅಷ್ಟೇ ನಿಜ. ಮೊದಲನೆಯದನ್ನು ಹೇಳಿ ಎರಡನೆಯದನ್ನು ಮೆಲ್ಲಗೆ ಬಿಟ್ಟುಬಿಡುವ ಬರಹಗಳ ಬಗ್ಗೆ ನನಗೆ ಅನುಮಾನವೇ.

ಕುಗ್ಗುವಿಕೆಯೂ ಇದೇ ಹರಿವಿನ ಹಾದಿಯಲ್ಲಿ ನಡೆಯಿತು. ಕ್ರಿ.ಶ. 212ರಲ್ಲಿ ಕರಕಲ್ಲಾ ಸಾಮ್ರಾಜ್ಯದ ಬಹುತೇಕ ಎಲ್ಲ ಸ್ವತಂತ್ರರಿಗೂ ಪೌರತ್ವ ಕೊಟ್ಟಮೇಲೆ ರೋಮ್‌ನ ಪ್ರಜೆ ಎಂಬ ಸ್ಥಾನದ ವಿಶೇಷ ಹೋಯಿತು. 271ರಲ್ಲಿ ಔರೇಲಿಯನ್ ನಗರದ ಸುತ್ತ 19 ಕಿಲೊಮೀಟರ್ ಗೋಡೆಯನ್ನು ಆರಂಭಿಸಿದ. ಶತಮಾನಗಳ ಕಾಲ ಹೊಸ ಗೋಡೆಯ ಅಗತ್ಯ ಕಾಣದಿದ್ದ ರಾಜಧಾನಿಗೆ ಈಗ ಗಡಿಗಳ ಮೇಲೆ ನಂಬಿಕೆಯಿರಲಿಲ್ಲ. ಚಕ್ರವರ್ತಿಗಳು ಗಡಿಗೆ ಹತ್ತಿರದ ಟ್ರಿಯರ್, ಮಿಲಾನ್, ನಿಕೋಮಿಡಿಯಾಗಳಲ್ಲಿ ಬೀಡುಬಿಟ್ಟರು. ಹತ್ತೊಂಬತ್ತು ವರ್ಷ ಆಳಿದ ಮೇಲೆ, 303ರಲ್ಲಿ ತನ್ನ ಆಳ್ವಿಕೆಯ ಉತ್ಸವಕ್ಕೆ ರೋಮ್‌ಗೆ ಬಂದ ಡಯೊಕ್ಲೀಷಿಯನ್‌ಗೆ ನಗರ ಹಿಡಿಸಲಿಲ್ಲ, ಬೇಗನೆ ಹೊರಟುಹೋದ. 330ರಲ್ಲಿ ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್) ಉದ್ಘಾಟನೆಯಾಗಿ, ಈಜಿಪ್ಟಿನ ಧಾನ್ಯದ ಹಡಗುಗಳು ಆ ಹೊಸ ನಗರದತ್ತ ತಿರುಗಿದವು. ರೋಮ್‌ಗೆ ಉಳಿದದ್ದು ಆಫ್ರಿಕಾ. 410ರಲ್ಲಿ ಅಲಾರಿಕ್‌ನ ಗೋಥ್ ಪಡೆ ನಗರವನ್ನು ಮೂರು ದಿನ ಸೂರೆಗೈದದ್ದನ್ನು ಪಠ್ಯಪುಸ್ತಕಗಳು ದೊಡ್ಡದಾಗಿ ಹೇಳುತ್ತವೆ, ಆದರೆ ನಗರದ ಮಟ್ಟಿಗೆ ಅದಕ್ಕಿಂತ ಘೋರವಾದದ್ದು 439. ಆ ವರ್ಷ ವ್ಯಾಂಡಲರು ಕಾರ್ತೇಜನ್ನು ಹಿಡಿದರು. ಕಂದಾಯವಾಗಿ ಬರುತ್ತಿದ್ದ ಆಫ್ರಿಕಾದ ಗೋಧಿ ಅಲ್ಲಿಗೆ ರೋಮ್‌ನ ಕೈಬಿಟ್ಟಿತು.

537ರಲ್ಲಿ ನಗರವನ್ನು ಮುತ್ತಿದ ಗೋಥರು ನೀರ್ಗಾಲುವೆಗಳನ್ನು ಕಡಿದರು. ಜನಿಕುಲಂ ಗುಡ್ಡದಲ್ಲಿ ಕಾಲುವೆಯ ನೀರಿನಿಂದ ತಿರುಗುತ್ತಿದ್ದ ಹಿಟ್ಟಿನ ಗಿರಣಿಗಳು ನಿಂತಾಗ, ಒಳಗಿದ್ದ, ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಯ ಸೇನಾಪತಿ ಬೆಲಿಸೇರಿಯಸ್ ಟೈಬರ್‌ನ ಹೊಳೆಗೆ ಹಗ್ಗ ಕಟ್ಟಿಸಿ, ಎರಡೆರಡು ದೋಣಿಗಳ ನಡುವೆ ನೀರಚಕ್ರ ಕೂರಿಸಿ, ನದಿಯ ಸೆಳೆತದಿಂದಲೇ ಹಿಟ್ಟು ಬೀಸಿಸಿದ. ಆ ಹೊತ್ತಿಗೆ ಹಿಟ್ಟು ಬೇಕಾದವರ ಸಂಖ್ಯೆಯೇ ಕೆಲವು ಹತ್ತು ಸಾವಿರಗಳಿಗೆ ಇಳಿದಿತ್ತು ಎಂಬುದು ವಿದ್ವಾಂಸರ ಅಂದಾಜು. ಆರನೆಯ ಶತಮಾನ ಮುಗಿಯುವಾಗ ಧಾನ್ಯ ಹಂಚುತ್ತಿದ್ದವನು ಪೋಪ್ ಮೊದಲನೆಯ ಗ್ರೆಗರಿ. ಅದು ಬರುತ್ತಿದ್ದದ್ದು ಚರ್ಚಿನ ಒಡೆತನದಲ್ಲಿದ್ದ ಸಿಸಿಲಿಯ ಜಮೀನುಗಳಿಂದ, ಗೇಣಿಯ ಲೆಕ್ಕದಲ್ಲಿ.